ಮೇಷ್ಟ್ರನ್ನ ಕೇಳಿ: ಮೆಕ್ಯಾನಿಕಲ್ ಸೀಟು, ಎಸ್‌ಒಎಂ ಪೇಪರು, ಪಾಠದ ಕೆಲಸ

ಸಿಇಟಿ ಕೌನ್ಸೆಲಿಂಗ್ ಶುರುವಾಗಿದೆ, ಹಂಗಾಗಿ ಬಂದಿರೋ ಪತ್ರಗಳಲ್ಲಿ ಯಾವ ಬ್ರಾಂಚು ಯಾವ ಕಾಲೇಜು ಅನ್ನೋ ಗಲಾಟೆನೇ ಜಾಸ್ತಿ. ನಾನು ಮೊದಲು ಮಂಡ್ಯದಲ್ಲಿ, ಆಮೇಲೆ ಮೈಸೂರಲ್ಲಿ ಮೆಕ್ಯಾನಿಕಲ್ ಪಾಠ ಮಾಡಿ ರಿಟೈರ್ ಆದವನು ಅಂತ ಸಂಪಾದಕರು ಈ ಸಲದ ಅಂಕಣ ಪೂರ್ತಿ ಇದಕ್ಕೇ ಬಿಟ್ಟಿದಾರೆ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರಿಂದ ಯಾರ ಹೆಸರೂ ಇಲ್ಲ, ಊರಷ್ಟೇ. ಕೆಲವು ಪತ್ರ ನಾಲ್ಕು ಪುಟ ಇದ್ವು, ಕತ್ತರಿ ಹಾಕಿದೀನಿ, ಬೇಜಾರ್ ಮಾಡ್ಕೋಬೇಡಿ.

ಮದ್ದೂರು ತಾಲ್ಲೂಕಿನ ಒಬ್ಬ ರೈತರು: ಸಾರ್, ನಮ್ಮ ಹುಡುಗನಿಗೆ ಮಂಡ್ಯದಲ್ಲಿ ಮೆಕ್ಯಾನಿಕಲ್ ಸಿಗೋ ಹಂಗೈತೆ. ಬೆಂಗಳೂರಲ್ಲಿ ಒಂದು ಕಾಲೇಜಲ್ಲಿ ದುಡ್ಡು ಕಟ್ಟಿದ್ರೆ ಕಂಪ್ಯೂಟರ್ ಸೈನ್ಸ್ ಕೊಡ್ತಾರಂತೆ. ಮೆಕ್ಯಾನಿಕಲ್ ಸತ್ತೋಯ್ತು ಅಂತಾನೆ ನಮ್ ಭಾವಮೈದ. ಹುಡುಗ ಏನೂ ಬಾಯಿ ಬಿಡ್ತಿಲ್ಲ. ಜಮೀನ್ ಮೇಲೆ ಸಾಲ ತೆಗೆದಾದ್ರೂ ಅಲ್ಲಿಗೇ ಸೇರಿಸ್ಬೇಕಾ?

ಯಜಮಾನ್ರೇ, ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ಸಿದ್ದು ಹುಡುಗ ಬಾಯಿ ಬಿಡ್ತಿಲ್ಲ ಅನ್ನೋ ಮಾತು. ಭಾವಮೈದನ ಎದುರಿಗೆ ಕೇಳಿದ್ರೆ ಯಾವ ಹುಡುಗನೂ ಬಾಯಿ ಬಿಡಲ್ಲ ಬಿಡಿ. ಒಂದಿನ ಅವನನ್ನೇ ಗದ್ದೆ ಕಡೆ ಕರ್ಕೊಂಡ್ ಹೋಗಿ, ಪಂಪ್‌ಸೆಟ್ ಕೈ ಕೊಟ್ಟಾಗ ಅವನು ಬಿಚ್ಚಿ ನೋಡ್ತಾನಾ ಇಲ್ಲ ಮೊಬೈಲ್ ತೆಗೆದು ರಿಪೇರಿಯವನಿಗೆ ಫೋನ್ ಹಚ್ತಾನಾ ಅಂತ ನಿಮಗೇ ಗೊತ್ತಿರುತ್ತೆ, ಎರಡೂ ತಪ್ಪಲ್ಲ, ಆದ್ರೆ ಎರಡೂ ಬೇರೆ ಬೇರೆ ಹುಡುಗರು. ಅವನಿಗೆ ಕಂಪ್ಯೂಟರ್ ಮೇಲೇ ನಿಜವಾದ ಆಸೆ ಇದ್ರೆ ಆ ವಿಷ್ಯ ಬೇರೆ, ಆಗ ಮೆರಿಟ್ ಸೀಟಲ್ಲಿ ಎಲ್ಲಿ ಸಿಗುತ್ತೆ ಅಂತ ಮುಂದಿನ ರೌಂಡ್‌ಗಳಲ್ಲಿ ನೋಡಿ. ಜಮೀನ್ ಅಡ ಇಟ್ಟು ಸೀಟು ಕೊಳ್ಳೋದಕ್ಕೆ ಮಾತ್ರ ನಾನು ಯಾವತ್ತೂ ಹ್ಞೂಂ ಅಂದವನಲ್ಲ. ಯಾಕಂದ್ರೆ ಆ ಸಾಲದ ಭಾರ ಬೀಳೋದು ನಿಮ್ಮ ಮೇಲೆ ಅಷ್ಟೇ ಅಲ್ಲ, ಒಂದು ಇಂಟರ್ನಲ್ಸ್‌ನಲ್ಲಿ ಕಮ್ಮಿ ಬಂದ್ರೂ ಹುಡುಗನಿಗೆ ಅಪ್ಪ ಜಮೀನ್ ಇಟ್ಟಿದಾನೆ ಅನ್ನೋದೇ ತಲೇಲಿ ಓಡುತ್ತೆ, ಇಂಥ ಹುಡುಗರನ್ನ ನಾನು ತುಂಬ ನೋಡಿದೀನಿ.

ಇನ್ನು ಸತ್ತೋಯ್ತು ಅನ್ನೋ ಮಾತು. ಸತ್ತಿಲ್ಲ, ಆದ್ರೆ ನಿಜ ಹೇಳ್ಬೇಕಂದ್ರೆ ಶುರುವಿನ ಸಂಬಳ ಕಮ್ಮಿ, ಸಾಫ್ಟ್‌ವೇರ್ ಹುಡುಗ ಏಸಿ ಬಸ್ಸಲ್ಲಿ ಹೋಗೋವಾಗ ನಿಮ್ಮ ಹುಡುಗ ಹೂಟಗಳ್ಳಿಲೋ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲೋ ಶಿಫ್ಟ್ ಮಾಡ್ತಿರ್ತಾನೆ. ನಾಲ್ಕೈದು ವರ್ಷ ಕೆಲಸ ಕಲಿತು ಕೈಗೆ ವಿದ್ಯೆ ಬಂದ್ಮೇಲೆ ಲೆಕ್ಕ ಬದಲಾಗುತ್ತೆ. ಮೈಸೂರಲ್ಲೇ ನೋಡಿ, ಬಿಇಎಂಎಲ್ ಇದೆ, ಆಕ್ಸಲ್ ಮಾಡೋ ಫ್ಯಾಕ್ಟರಿ ಇದೆ, ಟೈರ್ ಫ್ಯಾಕ್ಟರಿ, ರೈಲ್ವೆ ವರ್ಕ್‌ಶಾಪು, ನಂಜನಗೂಡು ರಸ್ತೇಲಿ ಟಿವಿಎಸ್, ಇವೆಲ್ಲ ನಡೀಬೇಕಂದ್ರೆ ಮೆಕ್ಯಾನಿಕಲ್‌ನವರು ಬೇಕೇ ಬೇಕು. ಎಲೆಕ್ಟ್ರಿಕ್ ಗಾಡಿ ಬಂದ್ರೆ ಇಂಜಿನ್ ಹೋಗುತ್ತಲ್ಲ ಅಂತ ಕೇಳ್ತಾರೆ. ಇಂಜಿನ್ ಹೋಗುತ್ತೆ ನಿಜ, ಆದ್ರೆ ಬ್ಯಾಟರಿ ಬಿಸಿ ಆಗುತ್ತಲ್ಲ, ಅದನ್ನ ತಣ್ಣಗೆ ಇಡೋದು ಹೀಟ್ ಟ್ರಾನ್ಸ್‌ಫರ್, ಗಾಡಿ ಚಾಸಿಸ್ಸು ಗುದ್ದಿದ್ರೆ ತಡೀಬೇಕಲ್ಲ ಅದು ಸ್ಟ್ರೆಂತ್, ಗೇರು ಬೇರಿಂಗು ಬ್ರೇಕು ಸಸ್ಪೆನ್ಷನ್ ಎಲ್ಲೂ ಹೋಗಿಲ್ಲ.

ನೀವು ಕಬ್ಬು ಬೆಳೆಯೋರು ಅಂತ ಬರೆದಿದೀರಿ, ಅದಕ್ಕೆ ಒಂದು ಮಾತು. ಮಂಡ್ಯದ ಮೈಷುಗರ್ ಶುರುವಾಗಿದ್ದು 1933ರಲ್ಲಿ, ಅದರ ಒಳಗಿರೋ ಮಿಲ್ಲು, ಬಾಯ್ಲರು, ಟರ್ಬೈನು ಎಲ್ಲ ನಮ್ಮ ಸಿಲಬಸ್ಸೇ. ನಾನು ಥರ್ಮೋಡೈನಮಿಕ್ಸ್ ಪಾಠ ಮಾಡೋವಾಗ ಹುಡುಗರನ್ನ ಮೊದಲು ಯಾವುದಾದ್ರೂ ಆಲೆಮನೆಗೆ ಕಳಿಸ್ತಿದ್ದೆ, ಆಮೇಲೆ ಸಕ್ಕರೆ ಫ್ಯಾಕ್ಟರಿಗೆ. ಆಲೆಮನೇಲಿ ಕೊಪ್ಪರಿಗೆ ಬಾಯಿ ತೆರೆದಿರುತ್ತೆ, ಕಬ್ಬಿನ ಹಾಲಿಂದ ಎದ್ದ ಹಬೆ ಎಲ್ಲ ಸೂರು ತೂರಿ ಆಚೆ ಹೋಗುತ್ತೆ. ಒಂದು ಕೆಜಿ ನೀರು ಹಬೆ ಆಗಕ್ಕೆ ಸುಮಾರು 2257 ಕಿಲೋಜೌಲ್ ಶಾಖ ಬೇಕು, ಅಷ್ಟೂ ಗಾಳಿಪಾಲು. ಫ್ಯಾಕ್ಟರೀಲಿ ಹಾಲು ಕುದಿಸೋ ಮುಚ್ಚಿದ ಪಾತ್ರೆ, ಬಾಡಿ ಅಂತಾರೆ, ನಾಲ್ಕೈದು ಸಾಲಾಗಿ ಇಟ್ಟಿರ್ತಾರೆ, ಮೊದಲನೇದರಲ್ಲಿ ಎದ್ದ ಹಬೆನೇ ಎರಡನೇದನ್ನ ಕುದಿಸುತ್ತೆ, ಎರಡನೇದರ ಹಬೆ ಮೂರನೇದನ್ನ, ಮುಂದ್ ಮುಂದಕ್ಕೆ ಪ್ರೆಶರ್ ಇಳಿಸ್ತಾ ಹೋಗಿರೋದ್ರಿಂದ ಕಮ್ಮಿ ಬಿಸೀಲೇ ಕುದಿಯುತ್ತೆ. ಎರಡೂ ಕಣ್ಣಾರೆ ನೋಡಿದ ಹುಡುಗನಿಗೆ ಹಬೆ ಒಳಗೆ ಅಡಗಿರೋ ಆ ಶಾಖ, ಲೇಟೆಂಟ್ ಹೀಟ್, ಅಂದ್ರೇನು ಅಂತ ನಾನು ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ. ನಿಮ್ಮ ಹುಡುಗನ ಹತ್ರ ಇದನ್ನ ಒಂದ್ಸಲ ಮಾತಾಡಿ ನೋಡಿ, ಕಣ್ಣು ಅರಳಿದ್ರೆ ಮಂಡ್ಯದ ಸೀಟು ತಗೊಳ್ಳಿ. ಇಲ್ಲ ಆಕಳಿಸ್ತಾನೆ ಅಂದ್ರೆ ಭಾವಮೈದನ ಮಾತಲ್ಲೂ ಅರ್ಧ ಹುರುಳಿದೆ ಅಂತ ಇಟ್ಕೊಳ್ಳಿ.

ನಾಗಮಂಗಲದ ಒಬ್ಬ ವಿದ್ಯಾರ್ಥಿನಿ: ಸರ್, ನಾನು ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಲಿ ಸೀದಾ ಎರಡನೇ ವರ್ಷಕ್ಕೆ ಸೇರಿದೀನಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ವರ್ಕ್‌ಶಾಪಲ್ಲಿ ನಾನೇ ಫಸ್ಟು, ಆದ್ರೆ ಮ್ಯಾಥ್ಸ್ ಮತ್ತೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಎರಡರಲ್ಲೂ ಫೇಲು. ಕ್ಲಾಸಲ್ಲಿ ಡೌಟ್ ಕೇಳಕ್ಕೆ ಇಂಗ್ಲಿಷ್ ಬರಲ್ಲ, ನಾಚಿಕೆ. ಬಿಟ್ಟು ಕೆಲಸಕ್ಕೆ ಸೇರ್ಬಿಡ್ಲಾ?

ಬಿಡಬೇಡಮ್ಮ. ಡಿಪ್ಲೊಮಾದಿಂದ ಬಂದೋರಿಗೆ ಈ ಮೊದಲನೇ ವರ್ಷ ಯಾವಾಗ್ಲೂ ಏಟು ಬೀಳೋದೇ. ಪಿಯುಸಿ ಮಾಡ್ಕೊಂಡ್ ಬಂದೋರಿಗೆ ಕ್ಯಾಲ್ಕುಲಸ್ ಎರಡು ವರ್ಷ ಅರೆದಿರ್ತಾರೆ, ಮೇಲೆ ಬಿಇ ಫಸ್ಟ್ ಇಯರಲ್ಲಿ ಇನ್ನೊಂದು ವರ್ಷ. ನಿಂಗೆ ಅದು ಸಿಕ್ಕಿಲ್ಲ ಅಷ್ಟೇ, ತಲೆ ಇಲ್ಲ ಅಂತಲ್ಲ. ಡಿಪ್ಲೊಮಾದವರಿಗೆ ಅಂತ್ಲೇ ಇಡೋ ಬ್ರಿಡ್ಜ್ ಮ್ಯಾಥ್ಸ್ ಕ್ಲಾಸನ್ನ ಎಲ್ಲರೂ ಬಂಕ್ ಹೊಡೀತಾರೆ, ನೀನು ಹೊಡೀಬೇಡ. ಇಂಟಿಗ್ರೇಷನ್ ಡಿಫರೆನ್ಷಿಯೇಷನ್‌ಗೆ ಪಿಯುಸಿ ಎರಡನೇ ವರ್ಷದ ಮ್ಯಾಥ್ಸ್ ಪುಸ್ತಕ ಯಾರ ಹತ್ರನಾದ್ರೂ ಇಸ್ಕೊಂಡು ಆ ಎರಡೇ ಎರಡು ಚಾಪ್ಟರ್ ಕೂತು ಮಾಡು, ಬೇರೆ ಯಾವುದನ್ನೂ ಮುಟ್ಟಬೇಡ.

ಎಸ್‌ಒಎಂಗೆ, ಅಂದ್ರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ಗೆ ಬರೋಣ. ನೀನು ಸೂತ್ರದಿಂದ ಶುರು ಮಾಡ್ತಿದೀಯ ಅಂತ ನನ್ನ ಊಹೆ. ನಿಮ್ಮೂರಲ್ಲಿ ನಾಲೆ ದಾಟಕ್ಕೆ ಹಲಗೆ ಹಾಕಿರ್ತಾರಲ್ಲ, ದಂಡೆ ಹತ್ರ ನಿಂತ್ರೆ ಹಲಗೆ ಅಲ್ಲಾಡಲ್ಲ, ನಡುವೆ ಬಂದ ತಕ್ಷಣ ಬಗ್ಗುತ್ತೆ. ಅದೇ ಬೆಂಡಿಂಗ್ ಮೊಮೆಂಟು. ಹಲಗೆ ಎರಡು ಮೀಟರ್ ಉದ್ದ, ನಿನ್ನ ತೂಕ ಸುಮಾರು 600 ನ್ಯೂಟನ್ ಅಂತ ಇಟ್ಕೋ, ಸರಿಯಾಗಿ ಮಧ್ಯ ನಿಂತ್ರೆ ತೂಕ ಇಂಟು ಉದ್ದ ಬೈ ನಾಲ್ಕು, 300 ನ್ಯೂಟನ್ ಮೀಟರ್. ಅರ್ಧ ಮೀಟರ್ ಹಿಂದೆ ಸರಿದು ನಿಂತ್ರೆ 225ಕ್ಕೆ ಇಳಿಯುತ್ತೆ. ಇದನ್ನ ಕಾಲಲ್ಲಿ ಅನುಭವಿಸಿ ಆಮೇಲೆ ಪೇಪರ್ ಮೇಲೆ ಬರಿ. ಇನ್ನೊಂದು ಮಾಡು, ನಿನ್ನ ಸ್ಟೀಲ್ ಸ್ಕೇಲ್ ತಗೊಂಡು ಮಲಗಿಸಿ ಬಗ್ಗಿಸು, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಕ್ಕೆ ನೋಡು. ಬಗ್ಗಲ್ಲ. ಸ್ಕೇಲು 30 ಮಿಲಿಮೀಟರ್ ಅಗಲ 3 ಮಿಲಿಮೀಟರ್ ದಪ್ಪ ಇದೆ ಅಂದ್ಕೊಂಡು ಬಗ್ಗೋದನ್ನ ಎಷ್ಟು ತಡೆಯುತ್ತೆ ಅನ್ನೋದಕ್ಕೆ ಬಿ ಇಂಟು ಡಿ ಕ್ಯೂಬ್ ಬೈ 12 (ಬಿ ಅಡ್ಡ ಅಳತೆ, ಡಿ ನೆಟ್ಟಗಿನ ಅಳತೆ) ಹಾಕಿ ನೋಡು, ಮಲಗಿಸಿದಾಗ 67.5 ಬರುತ್ತೆ, ನಿಲ್ಲಿಸಿದಾಗ 6750, ನೂರು ಪಟ್ಟು! ಅದೇ ಕಬ್ಬಿಣ ಅದೇ ತೂಕ, ಇಟ್ಟಿರೋ ರೀತಿ ಬೇರೆ ಅಷ್ಟೇ. ಮನೆ ತೊಲೆನ ಯಾಕೆ ಯಾವಾಗ್ಲೂ ನಿಲ್ಲಿಸಿ ಹಾಕ್ತಾರೆ ಅಂತ ಬಡಗಿಗೆ ಯಾರೂ ಸೂತ್ರ ಹೇಳ್ಕೊಟ್ಟಿರಲ್ಲ ನೋಡು. ವರ್ಕ್‌ಶಾಪಲ್ಲಿ ಫಸ್ಟ್ ಇರೋ ಕೈಗೆ ಈ ಪಾಠ ಹತ್ತಲ್ಲ ಅಂದ್ರೆ ನಾನು ನಂಬಲ್ಲ.

ಇಂಗ್ಲಿಷಿನ ವಿಷ್ಯ. ಕನ್ನಡದಲ್ಲೇ ಕೇಳು. ನಮ್ಮ ಕಡೆ ಮೇಷ್ಟ್ರುಗಳಲ್ಲಿ ಮುಕ್ಕಾಲು ಪಾಲು ಕನ್ನಡ ಮೀಡಿಯಂನಲ್ಲೇ ಓದಿ ಬಂದಿರೋರು, ಬೋರ್ಡ್ ಮುಂದೆ ಇಂಗ್ಲಿಷ್ ಮಾತಾಡ್ತಾರೆ, ಸ್ಟಾಫ್ ರೂಮಿಗೆ ಬಂದ್ರೆ ಎಲ್ಲ ಕನ್ನಡವೇ. ಸ್ಟಾಫ್ ರೂಮಿಗೆ ಹೋಗು, ಒಬ್ಬಳೇ ಹೋಗಕ್ಕೆ ಸಂಕೋಚ ಅಂದ್ರೆ ಇನ್ನೊಬ್ಬಳನ್ನ ಕರ್ಕೊಂಡ್ ಹೋಗು. ಪರೀಕ್ಷೆಗೆ ಬೇಕಾಗಿರೋ ಇಂಗ್ಲಿಷ್ ಬರೀ ಚಿತ್ರದ ಪಕ್ಕ ಬರೆಯೋ ನಾಲ್ಕು ಸಾಲು, ಅದು ಹಳೇ ಪೇಪರ್ ನೋಡಿ ಬರೆದು ಬರೆದು ಬಂದೇ ಬರುತ್ತೆ.

ಮಂಡ್ಯದ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್: ಸರ್, ಎಂಟೆಕ್ ಮುಗಿಸಿ ಒಂದು ಖಾಸಗಿ ಕಾಲೇಜಲ್ಲಿ ಪಾಠ ಮಾಡ್ತಿದೀನಿ. ಸಂಬಳ ಹೇಳ್ಕೊಳ್ಳೋ ಹಂಗಿಲ್ಲ. ಪಾಠಕ್ಕಿಂತ ಫೈಲು ಜಾಸ್ತಿ, ರಜೇಲಿ ಅಡ್ಮಿಷನ್‌ಗೆ ಮನೆ ಮನೆ ತಿರುಗ್ಸ್ತಾರೆ. ಪಿಎಚ್‌ಡಿ ಮಾಡ್ಲಾ, ಫ್ಯಾಕ್ಟರಿಗೆ ಹೋಗ್ಲಾ? ಈ ಕೆಲಸದಲ್ಲಿ ಮುಂದೇನಾದ್ರೂ ಇದೆಯಾ?

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕಾಗದದ ಮೇಲೆ ನಿಮ್ಮ ಹುದ್ದೆಗೆ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಲೆವೆಲ್ 10, ಶುರುವಿನ ಮೂಲ ವೇತನ 57,700 ಅಂತಿದೆ. ಎಷ್ಟೋ ಕಾಲೇಜಲ್ಲಿ ಅದರ ಅರ್ಧಾನೂ ಕೈಗೆ ಬರಲ್ಲ ಅನ್ನೋದು ಊರಿಗೆಲ್ಲ ಗೊತ್ತಿರೋ ಗುಟ್ಟು. ಇಪ್ಪತ್ತು ಹುಡುಗರಿಗೆ ಒಬ್ಬ ಮೇಷ್ಟ್ರು ಅಂತ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಎಐಸಿಟಿಇ ಲೆಕ್ಕ ಇರೋದ್ರಿಂದ ಮೆಕ್ಯಾನಿಕಲ್‌ಗೆ ಅಡ್ಮಿಷನ್ ಇಳಿದ ಕಡೆ ಮೊದಲು ನಡುಗೋದು ನಿಮ್ಮಂಥ ಹೊಸಬರ ಕುರ್ಚಿ, ಅದಕ್ಕೇ ಮನೆ ಮನೆ ತಿರುಗಿಸೋದು. ಇದು ಸರಿನಾ ಅಂದ್ರೆ ಸರಿಯಲ್ಲ, ಆದ್ರೆ ನಾನು ಸರಿಯಲ್ಲ ಅಂದ್ರೆ ನಿಮ್ಮ ಮನೆ ಬಾಡಿಗೆ ಕಟ್ಟಲ್ಲವಲ್ಲ.

ಫೈಲಿನ ವಿಷ್ಯ ಹೇಳ್ತೀನಿ. 2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್‌ಗೆ, ಅಂದ್ರೆ ಒಂದು ದೇಶದ ಇಂಜಿನಿಯರಿಂಗ್ ಡಿಗ್ರಿನ ಇನ್ನೊಂದು ದೇಶ ಒಪ್ಕೊಳ್ಳೋ ಒಪ್ಪಂದಕ್ಕೆ, ಪೂರ್ತಿ ಸದಸ್ಯ ಆಯ್ತು, ಅದಾದ್ಮೇಲೆ ಕೋರ್ಸಿಗೆ ಮಾನ್ಯತೆ ಕೊಡೋ ಎನ್‌ಬಿಎ ಮಂಡಳಿ ಒಪ್ಪಬೇಕಂದ್ರೆ ಔಟ್‌ಕಮ್ ಲೆಕ್ಕ ಕೊಡ್ಲೇಬೇಕು, ಸಿಒ ಪಿಒ ಮ್ಯಾಪಿಂಗು (ಸಬ್ಜೆಕ್ಟಿನ ಗುರಿನ ಪೂರ್ತಿ ಕೋರ್ಸಿನ ಗುರಿಗೆ ಜೋಡಿಸೋದು), ಅಟೈನ್‌ಮೆಂಟು, ಎಕ್ಸೆಲ್ ಶೀಟು. ಮೂಲ ಉದ್ದೇಶ ಒಳ್ಳೇದೇ ಕಣ್ರೀ, ಹುಡುಗ ಏನು ಕಲಿತ ಅಂತ ಮೇಷ್ಟ್ರು ತಾನೇ ಕೇಳ್ಕೊಳ್ಳಲಿ ಅಂತ. ಅದು ನಮ್ಮಲ್ಲಿಗೆ ಬರೋ ಹೊತ್ತಿಗೆ ಮಾರ್ಚ್ ತಿಂಗಳ ರಾತ್ರಿ ಹನ್ನೊಂದು ಗಂಟೇಲಿ ಕೂತು ಹಿಂದಿನ ವರ್ಷದ ನಂಬರ್ ತುಂಬೋ ಕೆಲಸ ಆಯ್ತು. ನನ್ನ ಸಲಹೆ, ಪ್ರತೀ ಇಂಟರ್ನಲ್ಸ್ ಪೇಪರ್ ತಿದ್ದಿದ ದಿನವೇ ಯಾವ ಪ್ರಶ್ನೇಲಿ ಕ್ಲಾಸ್ ಪೂರ್ತಿ ಬಿದ್ದಿದೆ ಅಂತ ಒಂದು ಸಾಲು ಬರ್ಕೊಳ್ಳಿ. ಫೈಲಿಗೂ ಆಗುತ್ತೆ, ಮಾರನೇ ದಿನ ಕ್ಲಾಸಿಗೂ ಆಗುತ್ತೆ.

ಪಿಎಚ್‌ಡಿ ಬಗ್ಗೆ. ಪಾಠದಲ್ಲೇ ಇರ್ಬೇಕು ಅಂತ ಆಸೆ ಇದ್ರೆ ಮಾಡ್ಲೇಬೇಕು, ದಾರಿ ಬೇರೆ ಇಲ್ಲ, ಅಸೋಸಿಯೇಟ್ ಆಗಕ್ಕೆ ಪಿಎಚ್‌ಡಿ ಜೊತೆಗೆ ಎಂಟು ವರ್ಷದ ಅನುಭವ ಕೇಳ್ತಾರೆ, ಪ್ರೊಫೆಸರ್ ಆಗಕ್ಕೆ ಹತ್ತು. ಆದ್ರೆ ಬರೀ ಬಡ್ತಿಗೋಸ್ಕರ ಅಂತ ಶುರು ಮಾಡಿದೋರು ಮೂರನೇ ವರ್ಷಕ್ಕೆ ಸುಸ್ತಾಗಿ ದುಡ್ಡು ಕೊಟ್ಟು ಪೇಪರ್ ಹಾಕಿಸೋ ಜರ್ನಲ್‌ಗಳ ಬಾಗಿಲಿಗೆ ಹೋಗಿ ನಿಲ್ತಾರೆ. ಗೈಡ್ ಆರಿಸ್ಕೊಳ್ಳೋವಾಗ ಗೈಡಿನ ಪಬ್ಲಿಕೇಶನ್ ಲಿಸ್ಟ್ ನೋಡೋದಕ್ಕಿಂತ ಅವರ ಹತ್ರ ಮುಗಿಸಿ ಹೋದ ಇಬ್ಬರಿಗೆ ಫೋನ್ ಮಾಡಿ, ಅರ್ಧಕ್ಕೆ ಬಿಟ್ಟು ಹೋದ ಒಬ್ಬರು ಸಿಕ್ಕಿದ್ರೆ ಅವರಿಗಂತೂ ತಪ್ಪದೇ ಮಾಡಿ. ಸಬ್ಜೆಕ್ಟ್ ದೂರ ಹುಡುಕಬೇಡಿ. ಎಲ್ಲರೂ ಅಲ್ಯೂಮಿನಿಯಂಗೆ ಇಷ್ಟು ಪರ್ಸೆಂಟ್ ಏನೋ ಪುಡಿ ಬೆರೆಸಿ ಟೆನ್ಸೈಲ್ ಟೆಸ್ಟ್ ಮಾಡಿ ಥೀಸಿಸ್ ಬರೆದಿದಾರೆ, ಕಂಪೋಸಿಟ್ ಥೀಸಿಸ್‌ಗಳನ್ನ ಒಂದರ ಮೇಲೊಂದು ಇಟ್ರೆ ಚಾಮುಂಡಿ ಬೆಟ್ಟಕ್ಕೆ ಇನ್ನೊಂದು ಮೆಟ್ಟಿಲ ದಾರಿ ಆಗುತ್ತೆ! ನೀವು ಕೂತಿರೋದು ಮಂಡ್ಯದಲ್ಲಿ. ತುಂಡು ಹಿಡುವಳಿಗೆ ಹೊಂದೋ ಕಬ್ಬು ಕಟಾವು ಯಂತ್ರ ಹೇಗಿರ್ಬೇಕು, ಆಲೆಮನೆ ಒಲೇಲಿ ಹೊಗೆಕೊಳವೆ ಹಿಡಿದು ಹೋಗೋ ಬಿಸಿನ ಹಾಲು ಮೊದಲೇ ಬಿಸಿ ಮಾಡಕ್ಕೆ ಬಳಸಬಹುದಾ, ಹಸಿ ಕಬ್ಬಿನ ಸಿಪ್ಪೇಲಿ ಅರ್ಧ ತೂಕ ನೀರೇ ಇರುತ್ತಲ್ಲ, ಒಣಗಿಸಿ ಬಾಯ್ಲರಿಗೆ ಹಾಕಿದ್ರೆ ಲಾಭ ಎಷ್ಟು ಒಣಗಿಸೋ ಖರ್ಚು ಎಷ್ಟು. ಇವು ಬೈಕಲ್ಲಿ ಅರ್ಧ ಗಂಟೆ ಹೋದ್ರೆ ಸಿಗೋ ಪ್ರಶ್ನೆಗಳು, ಅಳತೆ ತಗೊಳ್ಳಕ್ಕೆ ಜಾಗನೂ ಅಲ್ಲೇ ಇದೆ.

ಫ್ಯಾಕ್ಟರಿ ಕೆಲಸ ಸಿಕ್ಕಿದ್ರೆ ಎರಡು ವರ್ಷ ಹೋಗಿ ಬನ್ನಿ ಅಂತಲೇ ನಾನು ಹೇಳೋದು. ವಾಪಸ್ ಬಂದ್ಮೇಲೆ ಪಾಠದ ರುಚಿನೇ ಬೇರೆ ಆಗುತ್ತೆ. ಬರ್ಬೇಕು ಅನ್ಸದೇ ಇದ್ರೆ, ಅದೂ ಉತ್ತರಾನೇ.

ಮೈಸೂರಿನ ಒಂದು ಪಿಜಿಯಿಂದ, ಮೂರನೇ ವರ್ಷದ ವಿದ್ಯಾರ್ಥಿ: ಸರ್, ನನ್ನ ರೂಮ್‌ಮೇಟ್ ಒಂದು ತಿಂಗಳಿಂದ ಕಾಲೇಜಿಗೆ ಬರ್ತಿಲ್ಲ. ಬ್ಯಾಕ್‌ಲಾಗ್ ಸುಮಾರಿವೆ, ಮನೇಲಿ ಎಲ್ಲ ಪಾಸ್ ಅಂತ ಹೇಳಿದಾನೆ. ಹಗಲೆಲ್ಲ ಮಲಗಿರ್ತಾನೆ, ಊಟ ಸರಿಯಾಗಿ ಮಾಡಲ್ಲ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾನೆ. ಏನ್ ಮಾಡ್ಲಿ?

ಆಣೆ ಮುರಿ ಮಗಾ. ಇವತ್ತೇ ಮುರಿ.

ಮೊದಲು ಅವನ ಪ್ರಾಕ್ಟರ್ ಯಾರು ಅಂತ ನೋಡು, ಮೆಂಟರ್ ಅಂತಾನೂ ಕರೀತಾರೆ, ಪ್ರತಿ ಹುಡುಗನಿಗೂ ಒಬ್ಬರು ಮೇಷ್ಟ್ರನ್ನ ಹಾಕಿರ್ತಾರೆ. ಅವರು ಒಳ್ಳೆಯವರು ಅನ್ಸಿದ್ರೆ ಅವರಿಗೆ ಹೇಳು, ಫೈಲಿಗೆ ಸೈನ್ ಹಾಕ್ಸೋಕೆ ಮಾತ್ರ ಇರೋರು ಅನ್ಸಿದ್ರೆ ನಿಂಗೆ ನಂಬಿಕೆ ಇರೋ ಬೇರೆ ಯಾವ ಮೇಷ್ಟ್ರಾದ್ರೂ ಸರಿ, ಲ್ಯಾಬ್ ಇನ್‌ಸ್ಟ್ರಕ್ಟರ್ ಆದ್ರೂ ಸರಿ. ನನ್ನ ಅನುಭವದಲ್ಲಿ ಹುಡುಗರ ಕಷ್ಟ ಮೊದಲು ಗೊತ್ತಾಗೋದು ವರ್ಕ್‌ಶಾಪಿನ ಫೋರ್‌ಮನ್‌ಗೆ, ಆಮೇಲೆ ಕ್ಯಾಂಟೀನಿನವನಿಗೆ, ಕೊನೇಗೆ ಎಚ್‌ಒಡಿಗೆ. ಹೇಳೋವಾಗ ಅವನು ಸೋಮಾರಿ ಆಗಿದಾನೆ ಅಂತ ಹೇಳ್ಬೇಡ, ಊಟ ಬಿಟ್ಟಿದಾನೆ, ನಿದ್ದೆ ತಲೆಕೆಳಗಾಗಿದೆ, ರೂಮಿಂದ ಆಚೆ ಬರ್ತಿಲ್ಲ ಅಂತ ನೋಡಿದ್ದನ್ನ ನೋಡಿದ ಹಾಗೇ ಹೇಳು. ಸಾಯೋ ಮಾತೇನಾದ್ರೂ ಆಡಿದ್ರೆ ಒಬ್ಬನೇ ಬಿಡ್ಬೇಡ, ರಾತ್ರಿ ಆಗಿದ್ರೂ ಸೀದಾ ಆಸ್ಪತ್ರೆಗೆ ಕರ್ಕೊಂಡ್ ಹೋಗು, ವಾರ್ಡನ್ನನ್ನ ಎಬ್ಬಿಸು, ಅವರ ಮನೆಗೂ ಫೋನ್ ಹೋಗಲಿ. ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಲೈನ್ ಇದೆ, 14416, ದಿನದ 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅವನು ಮಾಡದೇ ಇದ್ರೆ ಅವನ ವಿಷ್ಯಕ್ಕೆ ಏನ್ ಮಾಡ್ಬೇಕು ಅಂತ ನೀನೇ ಫೋನ್ ಮಾಡಿ ಕೇಳಬಹುದು.

ಇದು ಅವನಿಗೆ ತೋರಿಸಕ್ಕೆ ಬರೀತಿದೀನಿ, ಬೇಕಿದ್ರೆ ಈ ಪುಟ ಹರಿದು ಅವನ ಟೇಬಲ್ ಮೇಲಿಡು. ನಾಲ್ಕು ವರ್ಷದ ಬಿಇ ಮುಗ್ಸಕ್ಕೆ ಇಂಜಿನಿಯರಿಂಗ್ ಯೂನಿವರ್ಸಿಟಿ ವಿಟಿಯು ಎಂಟು ವರ್ಷದ ತನಕ ಕಾಲ ಕೊಡುತ್ತೆ. ಒಂದು ವರ್ಷ ಹಿಂದೆ ಬೀಳೋದು ಅವಮಾನ ಅಂತ ಅನ್ಸುತ್ತೆ, ಆದ್ರೆ ಯಾವ ಕಂಪನಿಯವರೂ ಐದನೇ ವರ್ಷದಲ್ಲಿ ಮುಗಿಸಿದೆ ಅಂತ ಹತ್ತು ವರ್ಷ ಆದ್ಮೇಲೆ ಕೇಳಲ್ಲ. ಇಷ್ಟೊಂದು ಬ್ಯಾಕ್‌ಲಾಗ್ ಒಟ್ಟಿಗೆ ತೆಗೀತೀನಿ ಅಂತ ಹೊರಟ್ರೆ ಒಂದೂ ಹೋಗಲ್ಲ. ನಾನು ನನ್ನ ಹತ್ರ ಬಂದ ಹುಡುಗರ ಜೊತೆ ಕೂತು ಮಾರ್ಕ್ಸ್ ಕಾರ್ಡ್ ಹರಡಿ, ಯಾವುದರಲ್ಲಿ ಇಂಟರ್ನಲ್ಸ್ ಚೆನ್ನಾಗಿದೆ, ಯಾವುದು ಮುಂದಿನ ಸಬ್ಜೆಕ್ಟ್‌ಗೆ ಬೇಕೇ ಬೇಕು ಅಂತ ನೋಡಿ ಎರಡೇ ಎರಡಕ್ಕೆ ಟಿಕ್ ಹಾಕ್ತಿದ್ದೆ, ಮಿಕ್ಕಿದ್ದನ್ನ ಈ ಸೆಮ್ ಮರೆತುಬಿಡು ಅಂತ ಹೇಳ್ತಿದ್ದೆ. ಬರೀ ಅಷ್ಟಕ್ಕೇ ಭುಜದ ಮೇಲಿನ ಭಾರ ಇಳಿಯೋದು ಕಾಣೋದು.

ಅಪ್ಪ ಅಮ್ಮನಿಗೆ ಹೇಳೋ ಕೆಲಸ ಅವನೊಬ್ಬನ ಮೇಲೆ ಬಿಡ್ಬೇಡಿ, ಮೇಷ್ಟ್ರು ಪಕ್ಕದಲ್ಲಿ ಕೂತಿದ್ರೆ ಒಳ್ಳೇದು. ಮೇಷ್ಟ್ರುಗಳಿಗೂ ಒಂದು ಮಾತು, ಅಪ್ಪನ್ನ ಕರೆಸಿದ ದಿನ ಅಟೆಂಡೆನ್ಸ್ ರಿಜಿಸ್ಟರ್ ಮೊದಲು ತೆಗೀಬೇಡಿ. 85 ಪರ್ಸೆಂಟ್ ರೂಲು ಗೋಡೆ ಮೇಲೇ ಇರುತ್ತೆ, ಎಲ್ಲೂ ಓಡಿ ಹೋಗಲ್ಲ. ಮಳವಳ್ಳಿಯಿಂದಲೋ ಕೆ.ಆರ್. ಪೇಟೆಯಿಂದಲೋ ಎರಡು ಬಸ್ ಹತ್ತಿ ಬಂದಿರ್ತಾರೆ, ಮೊದಲು ಕಾಫಿ ಕುಡಿಸಿ, ಮನೆ ಕಡೆ ಹೇಗಿದೆ ಕೇಳಿ. ಹುಡುಗ ಯಾಕೆ ಕುಸಿದ ಅನ್ನೋದು ಎಷ್ಟೋ ಸಲ ಆ ಮಾತಲ್ಲೇ ಆಚೆ ಬರುತ್ತೆ, ಬೋರ್‌ವೆಲ್ ಒಣಗಿರುತ್ತೆ, ಅಕ್ಕನ ಮದುವೆ ಸಾಲ ಇರುತ್ತೆ, ಹುಡುಗ ಓದು ಬಿಟ್ಟು ರಾತ್ರಿ ಫುಡ್ ಡೆಲಿವರಿ ಮಾಡ್ತಿರ್ತಾನೆ. ಕ್ಲಾಸಲ್ಲಿ ಒಂದು ಬಾಡಿ ಮೇಲೆ ಯಾವ್ಯಾವ ಫೋರ್ಸ್ ಬೀಳ್ತಿದೆ ಅಂತ ಚಿತ್ರ ಬರೀದೇ ಲೆಕ್ಕ ಶುರು ಮಾಡಿದ್ರೆ ಮಾರ್ಕ್ಸ್ ಕಟ್ ಮಾಡ್ತೀವಿ, ಅದೇ ನಾವು ಹುಡುಗರಿಗೆ ಸಲಹೆ ಕೊಡೋವಾಗ ಮಾತ್ರ ಚಿತ್ರ ಬರೀದೇ ಸೀದಾ ಉತ್ತರ ಹೇಳ್ಬಿಡ್ತೀವಿ.

ಹುಣಸೂರಿನ ಒಬ್ಬ ತಾಯಿ: ಮಗಳು ಮೆಕ್ಯಾನಿಕಲ್ಲೇ ಬೇಕು ಅಂತ ಹಠ ಹಿಡಿದಿದಾಳೆ. ಹೆಣ್ಣುಮಕ್ಕಳಿಗೆ ಆಗೋ ಕೆಲಸವಾ ಅದು?

ಆಗುತ್ತೆ ತಾಯಿ. ಕ್ಲಾಸಲ್ಲಿ ನಾಲ್ಕೈದೇ ಹುಡುಗೀರು ಇರ್ತಾರೆ, ಮೊದಲ ಸೆಮ್ ಒಂಥರಾ ಒಂಟಿ ಅನ್ಸುತ್ತೆ, ಅದನ್ನ ಅವಳಿಗೆ ಮೊದಲೇ ಹೇಳಿಡಿ. ಡಿಸೈನು, ಕ್ವಾಲಿಟಿ, ಕಂಪ್ಯೂಟರ್ ನಡೆಸೋ ಸಿಎನ್‌ಸಿ ಮೆಷಿನ್ನಿನ ಪ್ರೋಗ್ರಾಮಿಂಗು, ಇವತ್ತಿನ ಶಾಪ್ ಫ್ಲೋರಲ್ಲಿ ಭಾರ ಎತ್ತೋದು ಕ್ರೇನು, ಮನುಷ್ಯರಲ್ಲ. ಮೇಲಿನ ನಾಗಮಂಗಲದ ಹುಡುಗಿ ಪತ್ರ ಓದಿ, ವರ್ಕ್‌ಶಾಪಲ್ಲಿ ಅವಳೇ ಫಸ್ಟಂತೆ. ಕಾಲೇಜ್ ನೋಡಕ್ಕೆ ಹೋದಾಗ ಹಾಸ್ಟೆಲ್ ಜೊತೆಗೆ ವರ್ಕ್‌ಶಾಪ್ ಹತ್ರ ಲೇಡೀಸ್ ಟಾಯ್ಲೆಟ್ ಎಲ್ಲಿದೆ ಅಂತ ಕೇಳಿ ನೋಡಿ, ಆ ಕಾಲೇಜು ಹುಡುಗೀರ ಬಗ್ಗೆ ಎಷ್ಟು ಯೋಚನೆ ಮಾಡಿದೆ ಅಂತ ಗೊತ್ತಾಗಿಬಿಡುತ್ತೆ.

ಮಂಡ್ಯ, ಕೊನೇ ವರ್ಷದ ವಿದ್ಯಾರ್ಥಿ: ಎಂಟೆಕ್‌ಗೆ ಸೇರಕ್ಕೆ ಗೇಟ್ ಪರೀಕ್ಷೆ ಬರೀಲಾ, ಕ್ಯಾಂಪಸ್‌ನಲ್ಲಿ ಬಂದ ಕೆಲಸಕ್ಕೆ ಹೋಗ್ಲಾ?

ಎರಡೂ ಮಾಡು. ಗೇಟ್ ಸ್ಕೋರು ಮೂರು ವರ್ಷ ನಡೆಯುತ್ತೆ. ಮೂರು ಗಂಟೆ, ನೂರು ಮಾರ್ಕ್ಸು, ಅದರಲ್ಲಿ 15 ಬರೀ ಆಪ್ಟಿಟ್ಯೂಡು, ಅದನ್ನ ಬಿಡೋರು ಮೂರ್ಖರು. ಎಂಟೆಕ್ ಸೇರಿದ್ರೆ ತಿಂಗಳಿಗೆ 12,400 ಸ್ಟೈಪೆಂಡ್ ಸಿಗುತ್ತೆ, ಮನೇಲಿ ಕೈ ಚಾಚೋ ಹಂಗಿಲ್ಲ ಅನ್ನೋರಿಗೆ ಇದು ದೊಡ್ಡ ವಿಷ್ಯ. ಮನೇಲಿ ದುಡ್ಡಿನ ಅರ್ಜೆಂಟ್ ಇದ್ರೆ ಕೆಲಸಕ್ಕೆ ಸೇರಿ ಬೆಳಗಿನ ಎರಡು ಗಂಟೆ ಓದಿಗೆ ಇಟ್ಕೋ. ಕೋಚಿಂಗ್‌ಗೆ ಅಂತ ಹೈದರಾಬಾದಿಗೆ ಓಡೋ ಮುಂಚೆ ಐಐಟಿ ಮೇಷ್ಟ್ರುಗಳ ಪಾಠದ ಎನ್‌ಪಿಟಿಇಎಲ್ ವಿಡಿಯೋ ಪುಕ್ಕಟೆ ಇವೆ, ಹಳೇ ಪೇಪರೂ ಪುಕ್ಕಟೆ, ಅವನ್ನ ಮುಗಿಸು.

ಮೈಸೂರು, ವಿಜಯನಗರ: ಹೊರದೇಶಕ್ಕೆ ಎಂಎಸ್‌ಗೆ ಅರ್ಜಿ ಹಾಕ್ತಿದೀನಿ. ನಮ್ಮ ಪ್ರೊಫೆಸರ್ ರೆಕಮೆಂಡೇಶನ್ ಲೆಟರ್ ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ ಅಂದ್ರು. ಬರೀಬಹುದಾ?

ಅಯ್ಯೋ ಇದು ಎಲ್ಲಾ ಕಡೆ ನಡೀತಿರೋ ಕಥೆ. ನಿನ್ನನ್ನ ನೀನೇ ಹೊಗಳ್ಕೊಂಡು ಬರೆದ್ರೆ ಆ ಪತ್ರ ಅರ್ಜಿ ಜೊತೆ ನಿನ್ನ ಬಗ್ಗೆ ನೀನೇ ಬರೆಯೋ ಎಸ್‌ಒಪಿ ಥರಾನೇ ಕಾಣುತ್ತೆ, ಅಲ್ಲಿ ಓದೋರಿಗೆ ಎರಡೂ ಒಂದೇ ಕೈ ಅಂತ ತಿಳಿಯುತ್ತೆ, ಅಲ್ಲದೆ ಇನ್ನೊಬ್ಬರ ಹೆಸರಲ್ಲಿ ಬರೆಯೋದು ಸರಿನೂ ಅಲ್ಲ. ನೀನು ಪತ್ರ ಬರ್ಕೊಂಡ್ ಹೋಗ್ಬೇಡ, ಒಂದು ಪುಟದ ನೋಟ್ಸ್ ಬರ್ಕೊಂಡ್ ಹೋಗು. ಅವರ ಯಾವ ಸಬ್ಜೆಕ್ಟ್ ತಗೊಂಡಿದ್ದೆ, ಪ್ರಾಜೆಕ್ಟಲ್ಲಿ ನಿನ್ನ ಕೈಯಿಂದ ಆಗಿದ್ದು ಯಾವ ಭಾಗ, ಎಲ್ಲಿ ಕೆಟ್ಟು ನಿಂತಿತ್ತು, ಹೇಗೆ ಸರಿ ಮಾಡ್ದೆ, ಯಾವ ಯೂನಿವರ್ಸಿಟಿ, ಕೊನೇ ತಾರೀಖು ಯಾವತ್ತು. ಸಾರ್ ನಿಮಗೆ ನೆನಪಿಗೆ ಬರ್ಲಿ ಅಂತ ತಂದೆ ಅಂತ ಕೊಡು, ಒಂದು ತಿಂಗಳು ಮುಂಚೆ ಕೊಡು, ಕೊನೇ ದಿನ ರಾತ್ರಿ ವಾಟ್ಸಾಪ್ ಮಾಡಿ ಅರ್ಜೆಂಟ್ ಸಾರ್ ಅನ್ಬೇಡ. ಅಷ್ಟಾದ್ಮೇಲೂ ಅವರು ಬರೆಯಲ್ಲ ಅಂದ್ರೆ ನಿನ್ನ ಕೆಲಸ ಹತ್ತಿರದಿಂದ ನೋಡಿರೋ ಬೇರೆಯವರನ್ನ ಕೇಳು. ದೊಡ್ಡ ಹುದ್ದೆಯವರು ಬರೆದ ಒಣ ಪತ್ರಕ್ಕಿಂತ, ಹುಡುಗ ಲ್ಯಾಬಲ್ಲಿ ಬಿಸಿ ಅಳೆಯೋ ಥರ್ಮೋಕಪಲ್ ತಪ್ಪು ಜಾಗದಲ್ಲಿ ಕೂತಿದೆ ಅಂತ ಕಂಡು ಹಿಡಿದ ಅಂತ ಒಬ್ಬ ಚಿಕ್ಕ ಮೇಷ್ಟ್ರು ಬರೆದ್ರೆ ಅದು ಓದೋರ ಮನಸಲ್ಲಿ ಉಳಿಯುತ್ತೆ.

ಹಳೇ ವಿದ್ಯಾರ್ಥಿಯೊಬ್ಬರು, ಬೆಂಗಳೂರಿಂದ: ಸರ್, ನೀವು ಕ್ಲಾಸಿಗೆ ಹಳೇ ಜಾವಾ ಬೈಕಿನ ಇಂಜಿನ್ ಹೊತ್ಕೊಂಡ್ ಬರ್ತಿದ್ರಿ. ಈಗೆಲ್ಲ ಸಿಮ್ಯುಲೇಶನ್ ಕಾಲ, ಕಂಪ್ಯೂಟರಲ್ಲೇ ಎಲ್ಲ ಕಾಣುತ್ತೆ. ಇನ್ನೂ ಆ ಗುಜರಿ ಬೇಕಾ?

ನೀನು ಹೊತ್ಕೊಂಡ್ ಬಂದಿದ್ದು ಕಣಪ್ಪ, ನಾನಲ್ಲ! ನಾನು ಬರೀ ಹಿಂದೆ ನಡ್ಕೊಂಡ್ ಬರ್ತಿದ್ದೆ. ಸಿಮ್ಯುಲೇಶನ್ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ, ಒಳಗೆ ಉರಿಯೋದು, ಸ್ಟ್ರೆಸ್ ಹರಡೋದು ಕಣ್ಣಿಗೆ ಕಾಣೋದು ಅದರಲ್ಲೇ. ಆದ್ರೆ ಕಂಪ್ಯೂಟರು ನೀನು ಏನ್ ಕೊಟ್ರೂ ಬಣ್ಣ ಬಣ್ಣದ ಚಿತ್ರ ಕೊಟ್ಬಿಡುತ್ತೆ, ಬೌಂಡರಿ ಕಂಡೀಶನ್, ಅಂದ್ರೆ ಅಂಚಲ್ಲಿ ಏನಾಗ್ತಿದೆ ಅನ್ನೋದನ್ನ, ತಪ್ಪು ಹಾಕಿದ್ರೂ ಕೊಡುತ್ತೆ. ಚಿತ್ರ ಸುಳ್ಳು ಹೇಳ್ತಿದೆ ಅಂತ ಗೊತ್ತಾಗ್ಬೇಕಂದ್ರೆ ಕೈಗೆ ಗ್ರೀಸ್ ಹತ್ತಿರ್ಬೇಕು. ಜಾವಾದಲ್ಲಿ ಕಿಕ್ಕರೂ ಅದೇ ಗೇರ್ ಲಿವರೂ ಅದೇ, ನೆನಪಿದೆಯಲ್ಲ, ಒಂದೇ ಲಿವರ್ ಕಾಲಲ್ಲಿ ಮೇಲೆ ಕೆಳಗೆ ಮಾಡಿದ್ರೆ ಗೇರು, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಒದ್ರೆ ಸ್ಟಾರ್ಟು, ಮತ್ತೆ ಗೇರ್ ಬದಲಾಯಿಸೋವಾಗ ಆ ಲಿವರೇ ಕ್ಲಚ್ಚನ್ನೂ ಬಿಡಿಸ್ತಿತ್ತು. ಒಂದು ಲಿಂಕ್ ಮೂರು ಕೆಲಸ ಹೇಗೆ ಮಾಡುತ್ತೆ ಅಂತ ಯಂತ್ರದ ಚಲನೆ ಕಲಿಸೋ ಕೈನಮ್ಯಾಟಿಕ್ಸ್ ಕ್ಲಾಸಲ್ಲಿ ಕೇಳಿದ್ರೆ ಹಿಂದಿನ ಬೆಂಚೂ ಎದ್ದು ಮುಂದೆ ಬರ್ತಿತ್ತು. ಮೈಸೂರಿನ ಯಾದವಗಿರಿ ಕಡೆ ಇದ್ದ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕ್ತು, ಅಲ್ಲಿ ಕೆಲಸ ಮಾಡ್ತಿದ್ದೋರ ಮಕ್ಕಳು ನನ್ನ ಕ್ಲಾಸಲ್ಲಿ ಕೂತಿದ್ರು, ಅವರ ಅಪ್ಪಂದಿರಿಗೆ ಪುಸ್ತಕ ಇಲ್ಲದೇ ಗೊತ್ತಿದ್ದಿದ್ದು ನನಗೆ ಪುಸ್ತಕ ಇದ್ದೂ ಗೊತ್ತಿರಲಿಲ್ಲ ಅನ್ನೋದು ಬೇರೆ ಮಾತು. ಈಗ ಜಾವಾನೇ ಆಗ್ಬೇಕು ಅಂತೇನಿಲ್ಲ, ಸ್ಕೂಟರಿನಲ್ಲಿ ಗೇರಿನ ಬದಲು ಇರೋ ಸಿವಿಟಿ ತರ್ಲಿ, ಎಲೆಕ್ಟ್ರಿಕ್ ಗಾಡಿಯ ಹಬ್ ಮೋಟ್ರು ಬಿಚ್ಚಲಿ, ಗುಜರಿ ಅಂಗಡೀಲಿ ಕೆಜಿ ಲೆಕ್ಕಕ್ಕೆ ಸಿಗುತ್ತೆ.

ಶ್ರೀರಂಗಪಟ್ಟಣ, ಈ ವರ್ಷ ಪಾಸಾದವರು: ನನ್ನ ಹತ್ರ ಗೆರೆ ಎಳೆಯೋ ಡ್ರಾಫ್ಟರು, ಡ್ರಾಯಿಂಗ್ ಬೋರ್ಡು, ಹಬೆಯ ಅಂಕಿ ಅಂಶದ ಸ್ಟೀಮ್ ಟೇಬಲ್ ಪುಸ್ತಕ, ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಇವೆ. ಗುಜರಿಗೆ ಹಾಕ್ಲಾ, ಯಾರಿಗಾದ್ರೂ ಬೇಕಾ?

ಗುಜರಿಗೆ ಹಾಕ್ಬೇಡ! ಡೇಟಾ ಹ್ಯಾಂಡ್‌ಬುಕ್ ಮತ್ತೆ ಸ್ಟೀಮ್ ಟೇಬಲ್ಲು ಪರೀಕ್ಷೆ ಹಾಲ್‌ಗೇ ಬಿಡ್ತಾರೆ, ಹೊಸದು ಕೊಳ್ಳಕ್ಕಾಗದೇ ಎಕ್ಸಾಮ್ ಹಿಂದಿನ ದಿನ ಹಾಸ್ಟೆಲ್ ಪೂರ್ತಿ ತಿರುಗೋ ಹುಡುಗರು ಪ್ರತೀ ವರ್ಷ ಇರ್ತಾರೆ. ಒಳಗೆ ಪೆನ್ನಲ್ಲಿ ಏನಾದ್ರೂ ಬರೆದಿದ್ರೆ ಅಳಿಸಿಬಿಡು, ಇಲ್ಲಾಂದ್ರೆ ಇನ್‌ವಿಜಿಲೇಟರ್ ಕಿತ್ಕೋತಾರೆ. ಡ್ರಾಫ್ಟರನ್ನ ಈಗ ತುಂಬ ಕಡೆ ಕೇಳಲ್ಲ, ಡ್ರಾಯಿಂಗ್ ಎಲ್ಲ ಕಂಪ್ಯೂಟರ್ ಮೇಲೇ, ಆದ್ರೆ ಪಾಲಿಟೆಕ್ನಿಕ್‌ನಲ್ಲಿ ಇನ್ನೂ ಬಳಸೋರು ಇದಾರೆ, ಹತ್ತಿರದ ಪಾಲಿಟೆಕ್ನಿಕ್‌ಗೆ ಹೋಗಿ ಡ್ರಾಯಿಂಗ್ ಮೇಷ್ಟ್ರನ್ನ ಕೇಳು. ಸ್ಕ್ರೂ ಸಡಿಲ ಆಗಿದ್ರೆ ಬಿಗಿ ಮಾಡಿಸಿ ಕೊಡು, ಆ ರೆಕ್ಕೆ ಬೋಲ್ಟು ಅಂಗಡೀಲಿ ಸಿಗುತ್ತೆ.